ಸಂಗಡಿಗರ ಹೆಸರು ಬರೆಯಿರಿ

ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಫೀಸಿನ ಚೀಟಿಯನ್ನು ಎಲ್ಲರೂ ಓದುತ್ತಾರೆ. ಪರೀಕ್ಷೆಯ ಚೀಟಿಯನ್ನು ಫೋನಿನಲ್ಲಿ ಫೋಟೊ ಹೊಡೆದುಕೊಳ್ಳುತ್ತಾರೆ. ಇನ್ನೊಂದು ಚೀಟಿ ಇರುತ್ತದೆ, ಯುವಜನೋತ್ಸವಕ್ಕೆ ಆಸಕ್ತರು ಹೆಸರು ಕೊಡಿ ಎನ್ನುವುದು. ಕೊನೆಯ ದಿನಾಂಕ ಕಳೆದು ಹದಿನೈದು ದಿನವಾದರೂ ಅದು ಗುಂಡುಪಿನ್ನಿಗೆ ಜೋತುಬಿದ್ದೇ ಇರುತ್ತದೆ. ರಾಂಪುರದಿಂದ, ದೇವಸಮುದ್ರದಿಂದ, ಕೊಂಡ್ಲಹಳ್ಳಿಯಿಂದ ದಿನಾ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಮಕ್ಕಳೇ, ಆ ಚೀಟಿಯ ಬಗ್ಗೆ ನಿಮಗೆ ನಾಲ್ಕು ಮಾತು ಹೇಳಬೇಕಿದೆ.

ನಾನು ಮೇಷ್ಟರಾಗಿ ನಿವೃತ್ತನಾದವನು, ಊರ ನಾಟಕಗಳಿಗೆ ಪೇಟಿ ಬಾರಿಸಿದವನು. ಎರಡು ಕಡೆಯೂ ಹುಡುಗರ ಕಿವಿ ಹಿಂಡಿ ಅಭ್ಯಾಸ. ಮಾತು ಒರಟಾದರೆ ಬೇಜಾರಾಗಬೇಡಿ.

ಮೊದಲು ನಿಮ್ಮ ವಿಶ್ವವಿದ್ಯಾಲಯ ಯಾವುದು ಅಂತ ತಿಳಿದುಕೊಳ್ಳಿ. ನಗಬೇಡಿ, ನಮ್ಮೂರಿನಲ್ಲಿ ಇದು ನಿಜಕ್ಕೂ ಕೇಳಬೇಕಾದ ಪ್ರಶ್ನೆ. ನಮಗೆ ಹತ್ತಿರದ ಪೇಟೆ ಬಳ್ಳಾರಿ, ನಾವು ಸೇರಿರುವುದು ಚಿತ್ರದುರ್ಗ ಜಿಲ್ಲೆಗೆ. ಬಟ್ಟೆಬರೆ, ಆಸ್ಪತ್ರೆ, ಸಿನಿಮಾ ಎಲ್ಲಕ್ಕೂ ಬಳ್ಳಾರಿ ದಾರಿ ಹಿಡಿಯುತ್ತೇವೆ, ಅಂಕಪಟ್ಟಿ ಮಾತ್ರ ದಾವಣಗೆರೆಯಿಂದ ಬರುತ್ತದೆ. ನಮ್ಮ ಕಾಲದಲ್ಲಿ ಜಿಲ್ಲೆಯ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾಲಯದ ಕೈಕೆಳಗಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಹುಟ್ಟಿತು, ಅಲ್ಲಿಗೆ ಹೋದವು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು, ಅಲ್ಲಿಗೆ ಬಂದವು. ಅದರ ಮರುವರ್ಷ ಬಳ್ಳಾರಿಯಲ್ಲಿ ಗುಲ್ಬರ್ಗದಿಂದ ಬೇರೆಯಾಗಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾಯಿತು. ಹೀಗಾಗಿ ನಮ್ಮ ಒಂದೇ ಬೀದಿಯ ಇಬ್ಬರು ಹುಡುಗರಲ್ಲಿ ಮೊಳಕಾಲ್ಮುರಿನಲ್ಲಿ ಓದುವವನು ಒಂದು ವಿಶ್ವವಿದ್ಯಾಲಯದವನು, ಬಳ್ಳಾರಿಯಲ್ಲಿ ಓದುವವನು ಇನ್ನೊಂದರವನು. ವಲಯ ಮಟ್ಟದ ಉತ್ಸವಕ್ಕೆ ಇಬ್ಬರೂ ಆಯ್ಕೆಯಾದರೆ ಎದುರಾಳಿಗಳಾಗಿ ನಿಲ್ಲಬೇಕಾಗುತ್ತದೆ.

ಇದನ್ನು ಕಷ್ಟ ಅಂತ ಎಣಿಸಬೇಡಿ. ಗಡಿಯ ಮೇಲಿನವನಿಗೆ ಎರಡೂ ಕಡೆಯ ಸುದ್ದಿ ಸಿಗುತ್ತದೆ. ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ ಕಲೆಗಳ ವಿಭಾಗವಿದೆ. ದಾವಣಗೆರೆಯಲ್ಲಿ 1964ರಿಂದ ನಡೆದುಕೊಂಡು ಬಂದಿರುವ ದೃಶ್ಯಕಲಾ ಮಹಾವಿದ್ಯಾಲಯ ಈಗ ನಿಮ್ಮದೇ ವಿಶ್ವವಿದ್ಯಾಲಯದ್ದು. ಚಿತ್ರ ಬರೆಯುವ ಕೈ ಇರುವವರು ಅದರ ಬಾಗಿಲನ್ನಾದರೂ ಒಮ್ಮೆ ನೋಡಿ ಬರಬೇಕು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರದು, ಅದರ ಘಟಿಕೋತ್ಸವಕ್ಕೆ ನುಡಿಹಬ್ಬ ಅಂತ ಹೆಸರು, ನಡೆಯುವುದು ನವರಂಗ ಬಯಲು ರಂಗಮಂದಿರದಲ್ಲಿ. ಸ್ನೇಹಿತರ ಮೂಲಕ ಈ ಮೂರೂ ಕಡೆಯ ಸುದ್ದಿ ತರಿಸಿಕೊಳ್ಳಿ. ನಿಮ್ಮ ಕೈಯಲ್ಲಿರುವ ವಾಟ್ಸಾಪು ಬರೀ ಶುಭೋದಯಕ್ಕೆ ಇರುವುದಲ್ಲ.

ಬಸ್ಸಿನ ಮಾತು ಬಂದೇ ಬರುತ್ತದೆ, ಗೊತ್ತು. ಕಾರ್ಯಕ್ರಮ ಐದಕ್ಕೆ ಅಂತ ಅಚ್ಚು ಹಾಕಿಸಿರುತ್ತಾರೆ, ಅತಿಥಿಗಳು ಬರುವುದು ಆರೂವರೆಗೆ, ಭಾಷಣ ಮುಗಿದು ನಾಟಕದ ಪರದೆ ಏಳುವ ಹೊತ್ತಿಗೆ ನಮ್ಮ ಕಡೆಯ ಕೊನೆಯ ಬಸ್ಸು ಹೊರಟಿರುತ್ತದೆ. ಅದರಲ್ಲೂ ಹೆಣ್ಣುಮಕ್ಕಳು ಭಾಷಣ ಕೇಳಿ, ನಾಟಕ ಬಿಟ್ಟು ಬರಬೇಕು. ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ? ಇದಕ್ಕೆ ನಿಮ್ಮಲ್ಲಿ ಯಾರಾದರೂ ಒಂದು ಅರ್ಜಿ ಬರೆದಿದ್ದೀರಾ? ಪ್ರಾಂಶುಪಾಲರಿಗೆ ಬರೆಯಿರಿ. ನಾವು ಇಂತಿಂಥ ಹಳ್ಳಿಯವರು, ಇಷ್ಟು ಮಂದಿ ಇದ್ದೇವೆ, ಪ್ರದರ್ಶನವನ್ನು ಮಧ್ಯಾಹ್ನ ಎರಡಕ್ಕೆ ಇಡಿ, ಸಭೆಯನ್ನು ಆಮೇಲೆ ಇಟ್ಟುಕೊಳ್ಳಿ ಅಂತ. ಊರವರೆಲ್ಲ ಸಹಿ ಹಾಕಿ. ಕೇಳಿದ ಕಡೆಯೆಲ್ಲ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಬಾಯಿಬಿಟ್ಟು ಕೇಳದ ಕಡೆಯಂತೂ ಎಲ್ಲೂ ಆಗಿಲ್ಲ.

ಇನ್ನು ಯುವಜನೋತ್ಸವ. ಇದರ ಏರ್ಪಾಡು ತಿಳಿಯದೆಯೇ ಬಹಳ ಮಂದಿ ಹಿಂದೆ ಸರಿಯುತ್ತಾರೆ. ಕಾಲೇಜಿನಿಂದ ವಿಶ್ವವಿದ್ಯಾಲಯದ ಮಟ್ಟಕ್ಕೆ, ಅಲ್ಲಿಂದ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ವಲಯ ಮಟ್ಟಕ್ಕೆ, ಗೆದ್ದರೆ ರಾಷ್ಟ್ರಮಟ್ಟಕ್ಕೆ ಹೋಗಬಹುದು. 25 ವರ್ಷ ಮೀರಿರಬಾರದು. ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ, ಲಲಿತಕಲೆ ಅಂತ ಐದು ಗುಂಪು. ಹಾಡು ಬಾರದವನಿಗೆ ಜೇಡಿಮಣ್ಣಿನ ಗೊಂಬೆ ಮಾಡುವ ಸ್ಪರ್ಧೆ ಇದೆ, ಮಾತು ಬಾರದವನಿಗೆ ಮೂಕಾಭಿನಯ ಇದೆ, ಬರೀ ಮಾತೇ ಬರುವವನಿಗೆ ಚರ್ಚಾಸ್ಪರ್ಧೆ, ಮೇಷ್ಟರನ್ನು ಅಣಕಿಸುವವನಿಗೂ ಮಿಮಿಕ್ರಿ ಅಂತ ಒಂದು ಜಾಗ ಇಟ್ಟಿದ್ದಾರೆ. ರಂಗೋಲಿ, ವ್ಯಂಗ್ಯಚಿತ್ರ, ಕೊಲಾಜ್, ಜಾನಪದ ವಾದ್ಯಮೇಳ, ಜಾನಪದ ನೃತ್ಯ, ಏಕಾಂಕ, ಪ್ರಹಸನ, ಎಲ್ಲ ಇವೆ.

ನಮ್ಮ ಹುಡುಗರು ಎಡವುವುದು ಗಡಿಯಾರದ ಹತ್ತಿರ. ಏಕಾಂಕಕ್ಕೆ 30 ನಿಮಿಷ, ಪ್ರಹಸನಕ್ಕೆ 10, ಮೂಕಾಭಿನಯಕ್ಕೆ 5. ನಾವೋ ರಾತ್ರಿ ಹತ್ತಕ್ಕೆ ಗಣಪತಿ ಪೂಜೆ ಮಾಡಿ ಬೆಳಗಿನ ಜಾವ ಮಂಗಳ ಹಾಡುವ ಜನ. ನಮ್ಮ ಬಯಲಾಟದಲ್ಲಿ ಒಬ್ಬ ರಾಕ್ಷಸ ತನ್ನ ಹೆಸರು ಹೇಳಿಕೊಳ್ಳುವುದಕ್ಕೇ ಹತ್ತು ನಿಮಿಷ ಬೇಕು. ಹಾಗಂತ ಇಡೀ ಕಥೆಯನ್ನು ಹತ್ತು ನಿಮಿಷಕ್ಕೆ ತುರುಕಲು ಹೋಗಬೇಡಿ. ಹುಟ್ಟು, ಮದುವೆ, ಯುದ್ಧ, ಸಾವು ಎಲ್ಲ ಓಡೋಡಿ ಬಂದು ಹೋಗುವ ನಾಟಕವನ್ನು ತೀರ್ಪುಗಾರರು ದಿನಕ್ಕೆ ಹತ್ತು ನೋಡಿರುತ್ತಾರೆ. ಒಂದೇ ಸಂದರ್ಭ ಆರಿಸಿಕೊಳ್ಳಿ. ಆ ರಾಕ್ಷಸ ಹೆಸರು ಹೇಳಿಕೊಳ್ಳುತ್ತಾನಲ್ಲ, ಅದನ್ನೇ ಪೂರ್ತಿ ಮಾಡಿ. ಕುಣಿತ, ಸಾರಥಿಯ ಪ್ರಶ್ನೆ, ಅವನ ಗತ್ತು, ತಾಳ ಬದಲಾಗುವ ಜಾಗ, ಅಷ್ಟನ್ನೂ ಒಂದು ಚೂರೂ ಅವಸರವಿಲ್ಲದೆ ಮಾಡಿ ತೋರಿಸಿ. ಅವಸರ ಮಾಡಿದರೆ ಬಯಲಾಟವೇ ಅಲ್ಲ ಅದು. ಕೋಲಾಟಕ್ಕೂ ಇದೇ ಮಾತು. ನಮ್ಮ ಕೋಲಾಟದಲ್ಲಿ ಎಷ್ಟೊಂದು ಬಗೆಯ ಕೋಪುಗಳಿವೆ. ಅವುಗಳಲ್ಲಿ ಎರಡನ್ನು ಕೈಗೂಡಿಸಿಕೊಂಡು ಹೋದರೆ ಸಾಕು. ಮಧ್ಯದಲ್ಲಿ ಸಿನಿಮಾ ಹಾಡಿನ ಬೀಟು ಸೇರಿಸುವ ಹುಚ್ಚು ಯಾರಾದರೂ ಹತ್ತಿಸಿದರೆ ಅವರಿಗೆ ಕೈಮುಗಿದು ಮುಂದಕ್ಕೆ ನಡೆಯಿರಿ.

ನಮಗೇನು ಬರುತ್ತೆ ಸಾರ್ ಅಂತ ಕೇಳುವವರಿದ್ದಾರೆ. ಬೆಂಗಳೂರಿನ ಹುಡುಗರು ಗಿಟಾರ್ ಹಿಡಿದು ಬರುತ್ತಾರೆ, ನಮ್ಮ ಹತ್ತಿರ ಏನಿದೆ ಅಂತ. ನಿಮ್ಮ ಹತ್ತಿರ ಏನಿದೆ ಅಂತ ತಿಳಿಯಬೇಕಾದರೆ ಸಿರಿಯಜ್ಜಿಯ ವಿಷಯ ಓದಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಹೆಣ್ಣುಮಗಳು, ಅಕ್ಷರ ಕಲಿತವಳಲ್ಲ. ಕಾಡುಗೊಲ್ಲರ ಪದಗಳು ಆಕೆಯ ನಾಲಿಗೆಯಿಂದ ಬರುತ್ತಲೇ ಇದ್ದವು, ಮುಗಿಯುತ್ತಿರಲಿಲ್ಲ. ಕೃಷ್ಣಮೂರ್ತಿ ಹನೂರರು ಹಟ್ಟಿಗೆ ಬಂದು ಕೂತು, ಕೇಳಿ, ಬರೆದುಕೊಂಡು ‘ಸಾವಿರದ ಸಿರಿಬೆಳಗು’ ಪುಸ್ತಕ ತಂದರು. ಹಂಪಿಯ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಗೌನು ತೊಟ್ಟ ವಿದ್ವಾಂಸರಿಗೆ ಡಾಕ್ಟರೇಟ್ ಕೊಡುವ ಅಂಗಳದಲ್ಲಿ ಹಟ್ಟಿಯ ಅಜ್ಜಿಗೆ ಆ ಮರ್ಯಾದೆ. ನಿಮ್ಮ ಮನೆಯಲ್ಲೂ ಒಬ್ಬ ಅಜ್ಜಿ ಇರಬಹುದು. ಜುಂಜಪ್ಪನ ಪದವೋ, ಗಾದ್ರಿಪಾಲನಾಯಕನ ಕಥೆಯೋ, ಸೋಬಾನೆಯೋ ಒಂದಿಷ್ಟು ಆಕೆಗೆ ಬರುತ್ತಿರಬಹುದು. ಕಾಲೇಜಿನಲ್ಲಿ ಜಾನಪದದ ಬಗ್ಗೆ ವಿಚಾರ ಸಂಕಿರಣಕ್ಕೆ ಹೋಗಿ ಸರ್ಟಿಫಿಕೇಟು ತರುವ ಮೊದಲು ಮನೆಯಲ್ಲಿ ಫೋನಿನ ರೆಕಾರ್ಡರ್ ಒತ್ತಿ ಅಜ್ಜಿಯ ಎದುರು ಕೂತುಕೊಳ್ಳಿ. ರೆಕಾರ್ಡಿಂಗಿನ ಶುರುವಿನಲ್ಲಿ ಆಕೆಯ ಹೆಸರು, ಊರು, ಯಾರಿಂದ ಕಲಿತಳು ಅನ್ನುವುದನ್ನು ಆಕೆಯ ಬಾಯಿಂದಲೇ ಹೇಳಿಸಿ. ಆಮೇಲೆ ಹಾಡಿಸಿ.

ಈ ಹೆಸರಿನ ವಿಷಯಕ್ಕೇ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಬರೆಯಲು ಕೂತದ್ದು ಇದಕ್ಕೇ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಕಾರ್ಯಕ್ರಮಕ್ಕೆ ನಮ್ಮ ಕಡೆಯ ಉರುಮೆ ತಂಡದ ಜೊತೆ ಹೋಗಿದ್ದೆ. ಯಾವ ಕಾಲೇಜು ಅನ್ನುವುದು ಬೇಡ. ಹತ್ತು ಗಂಟೆಗೆ ಗೇಟಿನ ಹತ್ತಿರ ನಿಲ್ಲಿಸಿದರು. ಅತಿಥಿಗಳ ಕಾರು ಬಂದಾಗ ಬಾರಿಸಬೇಕು. ಬಿಸಿಲು ಏರುತ್ತಾ ಹೋಯಿತು, ಕಾರು ಬರಲಿಲ್ಲ. ಕೊನೆಗೆ ಬಂತು, ಬಾರಿಸಿಕೊಂಡು ವೇದಿಕೆಯವರೆಗೆ ಹೋದೆವು, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಅಂದರು. ಒಳಗೆ ನಡೆದ ಭಾಷಣದ ವಿಷಯ ಜನಪದ ಕಲೆಗಳ ಉಳಿವು. ಮಾರನೆಯ ದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಉದ್ಘಾಟಿಸಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ಉಪಸ್ಥಿತರಿದ್ದವರು, ಎಲ್ಲ ಹೆಸರೂ ಇದ್ದವು. ಉರುಮೆಯವರ ಬಗ್ಗೆ ಒಂದು ಸಾಲು: ವಾದ್ಯಗಳೊಂದಿಗೆ ಅತಿಥಿಗಳನ್ನು ಬರಮಾಡಿಕೊಳ್ಳಲಾಯಿತು.

ಆ ಸುದ್ದಿಯನ್ನು ಬರೆದುಕೊಟ್ಟವನು ಕಾಲೇಜಿನ ವಿದ್ಯಾರ್ಥಿಯೇ. ಕೆಟ್ಟ ಹುಡುಗನಲ್ಲ. ಅವನಿಗಿಂತ ಮುಂಚಿನವರು ಹೇಗೆ ಬರೆದಿದ್ದರೋ ಹಾಗೆ ಬರೆದಿದ್ದ. ನಾಳೆ ನಿಮಗೂ ಈ ಕೆಲಸ ಬರುತ್ತದೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ವರದಿ ಬರೆಯಿರಿ, ಪತ್ರಿಕೆಗೆ ಸುದ್ದಿ ಕಳಿಸಿ, ಆಮಂತ್ರಣ ಪತ್ರಿಕೆಯ ಕರಡು ಮಾಡಿ ಅಂತ ಹೇಳುತ್ತಾರೆ. ಆಗ ಕಲಾವಿದರ ಹೆಸರನ್ನು ಬರೆಯಿರಿ. ಹಾಡಿದವರು ಇಂಥವರು ಮತ್ತು ಸಂಗಡಿಗರು ಅಂತ ಮುಗಿಸಬೇಡಿ. ಆ ಸಂಗಡಿಗರಿಗೂ ಅಪ್ಪ ಅಮ್ಮ ಹೆಸರಿಟ್ಟಿದ್ದಾರೆ. ಪೇಟಿ ಯಾರದು, ತಬಲ ಯಾರದು, ಬಣ್ಣ ಹಚ್ಚಿದವರು ಯಾರು, ದೀಪ ಹಾಕಿದವರು ಯಾರು, ಎಲ್ಲ ಬರೆಯಿರಿ. ಜಾಗ ಸಾಲುವುದಿಲ್ಲ ಅಂದರೆ ಉಪಸ್ಥಿತರಿದ್ದವರನ್ನು ಕಡಿಮೆ ಮಾಡಿ. ಸುಮ್ಮನೆ ಕೂತಿದ್ದವರ ಪಟ್ಟಿ ಕಳೆದರೆ ನಷ್ಟವೇನಿಲ್ಲ. ಪೇಟಿಯವನು ಆದ್ದರಿಂದ ಈ ಮಾತಿನಲ್ಲಿ ನನ್ನ ಸ್ವಾರ್ಥವೂ ಇದೆ ಅಂತ ಅಂದುಕೊಂಡರೆ ಅಂದುಕೊಳ್ಳಿ.

ಇದು ನಾನು ಹೊಸದಾಗಿ ಹೇಳುತ್ತಿರುವುದಲ್ಲ, ನಮ್ಮ ಮೊಳಕಾಲ್ಮುರು ತಾಲ್ಲೂಕಿನ ಕಲ್ಲೇ ಹೇಳುತ್ತಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಪತ್ತೆ ಮಾಡಿದರು. ತಂದೆ ತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಇದು ಹಿಂದಿನಿಂದ ಬಂದ ರೀತಿ ಅನ್ನುವ ಅರ್ಥದ ಮಾತುಗಳು ಅವುಗಳಲ್ಲಿವೆ. ಅಂದರೆ ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುವ ಚಾಳಿ ನಮ್ಮ ಸೀಮೆಯಲ್ಲಿ ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಹಳೆಯದು, ನನ್ನೊಬ್ಬನ ಮೇಲೆ ಸಿಟ್ಟಾಗಬೇಡಿ. ಆದರೆ ನನಗೆ ಹಿಡಿಸಿದ್ದು ಆ ಬುದ್ಧಿಮಾತಲ್ಲ, ಶಾಸನದ ಕೊನೆ. ಬರೆದವನು ಚಪಡ ಎಂಬ ಲಿಪಿಕಾರ ಅಂತ ಅಲ್ಲಿದೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ, ತನ್ನ ಕಸುಬನ್ನು ಹೇಳುವ ಆ ಕೊನೆಯ ಮಾತನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ನನಗೆ ಇದೂ ಬರುತ್ತೆ ನೋಡಿ ಅನ್ನುವ ಹಾಗೆ. ಅದೇ ಬ್ರಹ್ಮಗಿರಿಯ ಬಂಡೆಯ ಮೇಲೆ ದೊರೆಗೆ ಇರುವುದು ದೇವಾನಾಂಪಿಯ ಎನ್ನುವ ಬಿರುದು ಮಾತ್ರ. ಅಶೋಕ ಅನ್ನುವ ಹೆಸರು ಅಲ್ಲಿಲ್ಲ. ಅದಕ್ಕೆ ಮಸ್ಕಿಗೆ ಹೋಗಬೇಕು, ಇಲ್ಲವೇ ನಮ್ಮ ನೆರೆಯ ನಿಟ್ಟೂರು, ಉಡೇಗೋಳಕ್ಕೆ. ಚಕ್ರವರ್ತಿಯ ಹೆಸರಿಲ್ಲದ ಬಂಡೆಯ ಮೇಲೆ ಬರೆದವನ ಹೆಸರಿದೆ. ನಿಮ್ಮ ಕಾಲೇಜಿನಿಂದ ಪ್ರವಾಸ ಅಂತ ಊಟಿ ಮೈಸೂರು ಹೋಗುತ್ತೀರಿ. ಒಂದು ಭಾನುವಾರ ಸೈಕಲ್ಲಲ್ಲೋ ಬೈಕಲ್ಲೋ ಬ್ರಹ್ಮಗಿರಿಗೆ ಹೋಗಿ ಬನ್ನಿ.

ಗುರುವಿನ ಮಾತು ಬಂತಲ್ಲ. ತಳುಕು ನಮಗೆ ಚಳ್ಳಕೆರೆ ದಾರಿಯಲ್ಲೇ ಸಿಗುವ ಊರು. ಆ ಊರಿನ ಟಿ.ಎಸ್. ವೆಂಕಣ್ಣಯ್ಯನವರು ಹುಟ್ಟಿದ್ದು 1885ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದರು. ಅವರು ಕಾವ್ಯ ವಾಚಿಸಿದರೆ ಕೇಳುವವರು ಕರಗುತ್ತಿದ್ದರು ಅಂತ ಶಿಷ್ಯರು ಹೇಳಿದ್ದಾರೆ. 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಪ್ರಕಟಿಸಿದಾಗ ಅದನ್ನು ಅರ್ಪಿಸಿದ್ದು ಈ ಗುರುವಿಗೆ. ಆ ಕಾವ್ಯಕ್ಕೆ ಜ್ಞಾನಪೀಠ ಬಂತು. ಕನ್ನಡ ಓದುವವರು ಎಲ್ಲೇ ಆ ಪುಸ್ತಕ ತೆಗೆದರೂ ನಮ್ಮ ಬಯಲುಸೀಮೆಯ ಮೇಷ್ಟರ ಹೆಸರು ಎದುರಾಗುತ್ತದೆ, ಯಾಕೆಂದರೆ ಒಬ್ಬ ಶಿಷ್ಯ ಮರೆಯದೆ ಬರೆದ.

ಕಾಲೇಜುಗಳಲ್ಲಿ ಈಗ ಎಥ್ನಿಕ್ ಡೇ ಅಂತ ಮಾಡುತ್ತಾರೆ. ಹುಡುಗರು ಪಂಚೆ, ಹುಡುಗಿಯರು ರೇಷ್ಮೆ ಸೀರೆ, ಸಾವಿರ ಫೋಟೊ. ಚೆನ್ನಾಗಿಯೇ ಕಾಣುತ್ತೀರಿ. ಉಟ್ಟಿದ್ದು ಮೊಳಕಾಲ್ಮುರು ಸೀರೆ ಅಂತ ಕೆಳಗೆ ಹಾಕುತ್ತೀರಿ, ಊರಿನ ಹೆಸರಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ನೇಯ್ದವರು ಯಾರು? ನಿಮ್ಮ ತರಗತಿಯಲ್ಲೇ ಮಗ್ಗದ ಮನೆಯ ಮಕ್ಕಳಿದ್ದಾರೆ, ಕೇಳಿ ನೋಡಿ. ಒಡಲಿಗೂ ಅಂಚಿಗೂ ಬೇರೆ ಬಣ್ಣ ಹೇಗೆ ಕೂಡಿಸುತ್ತಾರೆ, ಬುಟ್ಟಾ ಎತ್ತುವುದು ಹೇಗೆ ಅನ್ನುವುದನ್ನು ಅವರು ನಿಮಗೆ ತೋರಿಸಬಲ್ಲರು. ಆ ದಿನ ಕಾಲೇಜಿನ ಅಂಗಳದಲ್ಲಿ ಒಬ್ಬ ನೇಕಾರರನ್ನು ಕರೆದು ಅರ್ಧ ಗಂಟೆ ಮಾತಾಡಿಸಿದರೆ ಡಿಜೆಗೆ ಕೊಡುವ ದುಡ್ಡಿನ ಕಾಲುಭಾಗವೂ ಖರ್ಚಾಗುವುದಿಲ್ಲ.

ನಾಲಿಗೆಯ ಅಂಜಿಕೆ ಇನ್ನೊಂದು. ನಮ್ಮ ಮಾತಿನಲ್ಲಿ ತೆಲುಗು ಬೆರೆತಿರುತ್ತದೆ. ರಾಯದುರ್ಗ ಇಲ್ಲೇ ಪಕ್ಕದಲ್ಲಿದೆ, ಅರ್ಧ ಊರಿಗೆ ಮನೆಮಾತೇ ತೆಲುಗು. ದಾವಣಗೆರೆಯಲ್ಲಿ ವೇದಿಕೆ ಹತ್ತಿದರೆ ನಗುತ್ತಾರೆ ಅಂತ ಬಾಯಿ ಕಟ್ಟಿಕೊಂಡು ಕೂರಬೇಡಿ. ಬಳ್ಳಾರಿ ರಾಘವರು 1880ರಲ್ಲಿ ಹುಟ್ಟಿದವರು, ತೆಲುಗಿನಲ್ಲೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪಾತ್ರ ಮಾಡಿದರು. ಬಳ್ಳಾರಿಯಲ್ಲಿ ರಂಗಮಂದಿರಕ್ಕೆ ಇಟ್ಟಿರುವುದು ಅವರ ಹೆಸರನ್ನೇ. ಅವರ ವೃತ್ತಿ ವಕೀಲಿ. ಕಲೆ ಹೊಟ್ಟೆ ತುಂಬಿಸುತ್ತದಾ ಅಂತ ನಿಮ್ಮಪ್ಪ ಕೇಳಿದರೆ ರಾಘವರು ಹಗಲು ಕೋರ್ಟಿಗೆ ಹೋಗುತ್ತಿದ್ದರು ಅಂತ ಹೇಳಿ. ನಾಟಕ ಆಡಿದ ಮಾತ್ರಕ್ಕೆ ಯಾರೂ ನಿಮ್ಮ ಬಿ.ಕಾಂ. ಕಿತ್ತುಕೊಳ್ಳುವುದಿಲ್ಲ. ಅಪ್ಪನ ಪ್ರಶ್ನೆಯನ್ನು ಹಗುರ ಮಾಡಲೂ ಬೇಡಿ. ಮಳೆ ಕೈಕೊಟ್ಟ ವರ್ಷ ಶೇಂಗಾ ಬೆಳೆದವನಿಗೆ ಆ ಪ್ರಶ್ನೆ ಕೇಳುವ ಹಕ್ಕಿದೆ. ತಾಲೀಮಿದ್ದ ದಿನವೂ ಹೊಲದ ಕೆಲಸ ಮುಗಿಸಿ ಬಂದರೆ ಅವನೇ ನಿಮ್ಮ ನಾಟಕ ನೋಡಲು ಮುಂದಿನ ಸಾಲಿನಲ್ಲಿ ಕೂರುತ್ತಾನೆ.

ಈ ವರ್ಷದ್ದಕ್ಕೆ ಬರೋಣ. ಚಳಿಗಾಲದ ಹೊತ್ತಿಗೆ ಉತ್ಸವಗಳು ಒಂದರ ಹಿಂದೆ ಒಂದು ಬರುತ್ತವೆ. ನಮ್ಮಲ್ಲಿ ಶೇಂಗಾ ಕೀಳುವುದೂ ಆಗಲೇ. ಆದ್ದರಿಂದ ಕಲಿಯುವುದನ್ನು ಈಗಲೇ ಮುಗಿಸಿಕೊಳ್ಳಬೇಕು. ಚೀಟಿ ಅಂಟಿಸುವವರೆಗೆ ಕಾಯಬೇಡಿ, ಸಾಂಸ್ಕೃತಿಕ ವಿಭಾಗ ನೋಡಿಕೊಳ್ಳುವ ಮೇಷ್ಟರನ್ನು ಹುಡುಕಿಕೊಂಡು ಹೋಗಿ ದಿನಾಂಕ ಕೇಳಿ, ನಿಯಮಗಳ ಪುಸ್ತಕದ ಪ್ರತಿ ತೆಗೆದುಕೊಳ್ಳಿ. ಎಷ್ಟು ಜನ, ಎಷ್ಟು ನಿಮಿಷ, ವಾದ್ಯ ನುಡಿಸುವವರನ್ನು ಬೇರೆ ಎಣಿಸುತ್ತಾರಾ, ಇದನ್ನೆಲ್ಲ ಓದಿ ಇಟ್ಟುಕೊಳ್ಳಿ. ಒಂದು ನಿಮಿಷ ಮೀರಿದರೂ ಅಂಕ ಹೋಗುತ್ತದೆ.

ನವೆಂಬರಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವ ಇರುತ್ತದೆ. ನಮ್ಮದೇ ಜಿಲ್ಲೆ, ಹೊಸದುರ್ಗ ತಾಲ್ಲೂಕು. ನಾವು ಒಂದು ತುದಿ, ಅವರು ಇನ್ನೊಂದು ತುದಿ. ಪಂಡಿತಾರಾಧ್ಯ ಸ್ವಾಮಿಗಳು ಕಟ್ಟಿದ ಶಿವಕುಮಾರ ಕಲಾಸಂಘ, 1997ರಿಂದ ಊರೂರು ತಿರುಗುವ ಶಿವಸಂಚಾರ ತಂಡ, ನಟನೆ ಕಲಿಸುವ ರಂಗಶಾಲೆ, ಎಲ್ಲ ಒಂದು ಸಣ್ಣ ಹಳ್ಳಿಯಲ್ಲಿ. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು ನಾಟಕ ನೋಡುವಾಗ ಪಕ್ಕದಲ್ಲಿರುವವರು ಹೊಲದಿಂದ ಎದ್ದು ಬಂದ ರೈತರಾಗಿರುತ್ತಾರೆ. ಯಾವ ಜಾಗದಲ್ಲಿ ಅವರು ನಗುತ್ತಾರೆ, ಯಾವ ಜಾಗದಲ್ಲಿ ಕೆಮ್ಮಲು ಶುರುಮಾಡುತ್ತಾರೆ ಅಂತ ಗಮನಿಸಿ; ನಾಟಕ ಕಲಿಯುವವರಿಗೆ ಅದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ. ಹತ್ತು ಹನ್ನೆರಡು ಜನ ಸೇರಿ ಒಂದು ಗಾಡಿ ಮಾಡಿಕೊಂಡರೆ ತಲೆಗೆ ಹೆಚ್ಚು ಬೀಳುವುದಿಲ್ಲ. ಹೆಣ್ಣುಮಕ್ಕಳ ಮನೆಯವರು ಒಪ್ಪದಿದ್ದರೆ ಹೇಳಿ, ನಾನು ಬಂದು ಮಾತಾಡುತ್ತೇನೆ, ಬೇಕಾದರೆ ಗಾಡಿಯಲ್ಲೂ ಬರುತ್ತೇನೆ.

ತಾಲೀಮಿಗೆ ಜಾಗವಿಲ್ಲ ಅನ್ನುವ ನೆಪ ಬೇಡ. ನಮ್ಮ ಮನೆಯ ಜಗಲಿ ಇದೆ, ಪೇಟಿಯ ಎರಡು ಮನೆ ಅಪಸ್ವರ ಹೇಳುತ್ತಿದ್ದವು, ರಿಪೇರಿ ಮಾಡಿಸಿದ್ದೇನೆ. ಸಂಜೆ ಬಸ್ಸಿಳಿದು ನೇರ ಬನ್ನಿ. ಉರುಮೆ ತರುವವರು ಮಾತ್ರ ಎಂಟು ಗಂಟೆಯೊಳಗೆ ಮುಗಿಸಿಕೊಳ್ಳಬೇಕು, ಪಕ್ಕದ ಮನೆಯ ಹುಡುಗಿಗೆ ಈ ವರ್ಷ ಪಿಯುಸಿ ಪರೀಕ್ಷೆ ಇದೆ.